ರಕ್ತದ ಬಿಳಿಪೊರೆಯೂ ಕೀಲುಗಳ ಉರಿಯೂತವೂ

ಯೂರೋಪಿನ ಪ್ರಾಚೀನ ವೈದ್ಯರು ರೋಗಿಯ ಸಿರೆಯಿಂದ ತೆಗೆದ ರಕ್ತವನ್ನು ಬಟ್ಟಲಿನಲ್ಲಿ ಹಿಡಿದಿಟ್ಟು, ಅದು ಹೆಪ್ಪುಗಟ್ಟುವ ಬಗೆಯನ್ನು ಪರೀಕ್ಷಿಸುತ್ತಿದ್ದರು. ಆರೋಗ್ಯವಂತನ ರಕ್ತವು ಬಹುಮಟ್ಟಿಗೆ ಒಂದೇ ಕೆಂಪಿನ ಗಡ್ಡೆಯಾಗುವುದು. ಜ್ವರದಿಂದಲೂ ಕೀಲುಗಳ ಊತದಿಂದಲೂ ನರಳುವವನ ರಕ್ತವಾದರೋ ಮೇಲ್ಭಾಗದಲ್ಲಿ ಹಳದಿ ಬೆರೆತ ಬಿಳಿಯ ಗಟ್ಟಿ ಪೊರೆಯೊಂದನ್ನು ತಾಳುವುದು. ಈ ಪೊರೆಯೇ ರೋಗದ ದ್ರವ್ಯವೆಂದು ಅನೇಕರು ತಿಳಿದರು. ರ್‍ಯೂಮ್ಯಾಟಿಸಂ ಎಂಬ ಹೆಸರಿನ ಮೂಲವಾದ ಗ್ರೀಕ್ ಪದಕ್ಕೆ ಹರಿವು ಎಂದರ್ಥ. ದುಷ್ಟವಾದ ರಸವು ಹರಿದುಬಂದು ಕೀಲಿನಲ್ಲಿ ನಿಲ್ಲುವುದೆಂಬುದು ಅದರ ಹಿಂದಿನ ಕಲ್ಪನೆ. ನಮ್ಮ ಸಂಧಿವಾತವೆಂಬ ಪದದಲ್ಲಿ ಕರ್ತೃವಾದುದು ವಾಯು, ಅವರಲ್ಲಿ ದ್ರವ.

ಈ ತಿಳಿವಳಿಕೆಯ ಫಲವು ರೋಗಿಗಳ ಪಾಲಿಗೆ ಕಠಿನವಾಯಿತು. ಪೊರೆ ಕಾಣುವಷ್ಟು ಕಾಲವೂ ರಕ್ತವನ್ನು ತೆಗೆಯುವುದಕ್ಕೆ ಅದೇ ಆಧಾರವಾಗಬಹುದಾಗಿತ್ತು. ಹದಿನೇಳನೆಯ ಶತಮಾನದಲ್ಲಿ ಲಂಡನ್ನಿನ ಸಿಡೆನ್‌ಹ್ಯಾಂ ಈ ರೋಗಕ್ಕೆ ರಕ್ತಮೋಕ್ಷವನ್ನು ವಿಧಿಸಿ, ಮುಂದೆ ತಾನೇ ಅದನ್ನು ಮಿತಗೊಳಿಸಿದನು. ಆದರೂ ೧೮೩೦ರ ದಶಕದಲ್ಲಿ ಪ್ಯಾರಿಸ್ಸಿನ ಬೂಯೋ ಎಂಬ ಪ್ರಸಿದ್ಧ ವೈದ್ಯನು ತೀವ್ರವಾದ ಕೀಲುಬೇನೆಗೆ ಒಂದರ ಮೇಲೊಂದರಂತೆ ಅನೇಕ ಸಲ ರಕ್ತವನ್ನು ತೆಗೆಯುವ ಪದ್ಧತಿಯನ್ನು ಪ್ರತಿಪಾದಿಸಿದನು.

ಪೊರೆಯ ನಿಜಸ್ವರೂಪವನ್ನು ತಿಳಿಯುವ ದಾರಿ ಅದಕ್ಕೂ ಮೊದಲೇ ತೆರೆದಿತ್ತು. ಇಂಗ್ಲೆಂಡಿನ ವಿಲಿಯಂ ಹ್ಯೂಸನ್ ೧೭೭೧ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಲವಣಗಳಿಂದ ಹೆಪ್ಪುಗಟ್ಟುವಿಕೆಯನ್ನು ತಡೆದು, ಹೆಪ್ಪಾಗುವ ವಸ್ತುವು ಕೆಂಪು ಕಣಗಳಲ್ಲಿಲ್ಲವೆಂದೂ ತಿಳಿಯಾದ ದ್ರವದಲ್ಲಿದೆಯೆಂದೂ ತೋರಿಸಿದನು. ಕಣಗಳು ತಳಕ್ಕಿಳಿದ ಮೇಲೆ ಉಳಿದ ದ್ರವವು ಹೆಪ್ಪಾದಾಗ ಬಿಳಿಪೊರೆ ಹುಟ್ಟುವುದು. ಆತನು ೧೭೭೪ರಲ್ಲಿ, ಮೂವತ್ತನಾಲ್ಕರ ವಯಸ್ಸಿನಲ್ಲಿ, ಶವಚ್ಛೇದನದಲ್ಲಿ ಆದ ಗಾಯವು ನಂಜೇರಿ ತೀರಿಕೊಂಡನು. ೧೮೪೦ರ ಸುಮಾರಿಗೆ ಆಂದ್ರಾಲ್ ಮತ್ತು ಗವಾರೆ ಎಂಬ ಫ್ರೆಂಚ್ ಪಂಡಿತರು ಆ ವಸ್ತುವನ್ನು ತೂಗಿದರು. ಆರೋಗ್ಯದಲ್ಲಿ ರಕ್ತದ ಸಾವಿರ ಭಾಗಕ್ಕೆ ಸುಮಾರು ಮೂರು ಭಾಗವಿದ್ದ ಫೈಬ್ರಿನ್, ತೀವ್ರವಾದ ಕೀಲುಬೇನೆಯಲ್ಲಿ ಬಹಳವಾಗಿ ಹೆಚ್ಚುವುದೆಂದು ಅವರು ಕಂಡರು. ಇನ್ನೂ ಮುಖ್ಯವಾದುದೊಂದುಂಟು: ಕೆಂಪು ಕಣಗಳು ಕಡಮೆಯಾದ ರಕ್ತಹೀನರಲ್ಲಿಯೂ ಪೊರೆ ಕಾಣುತ್ತಿತ್ತು. ಹಾಗಾದರೆ ರಕ್ತವನ್ನು ಮತ್ತೆ ಮತ್ತೆ ತೆಗೆದು ರೋಗಿಯನ್ನು ರಕ್ತಹೀನನನ್ನಾಗಿ ಮಾಡಿದ ಚಿಕಿತ್ಸೆಯೇ ಪೊರೆಯನ್ನು ದಪ್ಪಗೊಳಿಸುತ್ತಿತ್ತು. ದಪ್ಪಗೊಂಡ ಪೊರೆ ಇನ್ನಷ್ಟು ರಕ್ತವನ್ನು ಬೇಡುತ್ತಿತ್ತು.

ರಕ್ತಮೋಕ್ಷವು ಮರೆಯಾದಂತೆ ಪೊರೆಯೂ ಮರೆಯಾಯಿತು. ಪೋಲೆಂಡಿನ ಬಿಯರ್ನಾಟ್ಸ್ಕಿ ೧೮೯೭ರಲ್ಲಿ, ಕಣಗಳು ಇಳಿಯುವ ವೇಗಕ್ಕೂ ಫೈಬ್ರಿನಿನ ಮೂಲವಾದ ಫೈಬ್ರಿನೋಜನ್ನಿಗೂ ಸಂಬಂಧವುಂಟೆಂದು ತೋರಿಸಿದನು. ಸ್ವೀಡನ್ನಿನ ಫೋರಿಯುಸ್ ೧೯೧೮ರಲ್ಲಿ ಗರ್ಭಿಣಿಯರ ರಕ್ತದಲ್ಲಿ ಈ ವೇಗವನ್ನು ಗಮನಿಸಿದನು. ೧೯೨೧ರಲ್ಲಿ ಅದರ ಮೇಲೆ ದೊಡ್ಡ ಪ್ರಬಂಧವನ್ನು ಬರೆದನು. ಪ್ರಾಚೀನರ ಚತುರ್ರಸ ಸಿದ್ಧಾಂತವೇ ಹೆಪ್ಪುಗಟ್ಟಿದ ರಕ್ತದ ಪದರಗಳನ್ನು ನೋಡಿ ಹುಟ್ಟಿರಬಹುದೆಂಬುದು ಆತನ ಊಹೆ. ಊಹೆ ರಮ್ಯವಾದುದೇ ಆದರೂ ಸಾಕ್ಷ್ಯವು ತೆಳುವಾಗಿದೆ. ವೆಸ್ಟರ್‌ಗ್ರೆನ್ನನ ಹೆಸರಿನ ಗಾಜಿನ ನಳಿಕೆಯಲ್ಲಿ ಇಂದಿಗೂ ನಡೆಯುವ ಇ. ಎಸ್. ಆರ್. ಪರೀಕ್ಷೆಯು ಆ ಹಳೆಯ ಬಟ್ಟಲಿನ ವಂಶದ್ದು.

ಇಷ್ಟರವರೆಗೆ ಫೈಬ್ರಿನೋಜನ್ ರೋಗದ ಗುರುತು ಮಾತ್ರವಾಗಿತ್ತು. ಊದಿದ ಕೀಲಿನ ಒಳಪೊರೆಯಲ್ಲಿ ಫೈಬ್ರಿನ್ ಸಂಗ್ರಹವಾಗುವುದೆಂಬುದು ಸೂಕ್ಷ್ಮದರ್ಶಕದಿಂದ ಗೊತ್ತಿದ್ದರೂ, ಅದು ಕಾರಣವೋ ಕಾರ್ಯವೋ ಎಂಬ ಪ್ರಶ್ನೆ ಉಳಿದಿತ್ತು. ೧೯೯೮ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಫೈಬ್ರಿನನ್ನು ಕರಗಿಸುವ ಶಕ್ತಿ ಕುಂದಿದ ಇಲಿಗಳ ಕೀಲಿನ ಉರಿಯೂತವು ಉಲ್ಬಣಿಸಿತು. ೨೦೦೧ರಲ್ಲಿ ರೂಮಟಾಯ್ಡ್ ಸಂಧಿವಾತದ ರೋಗಿಗಳ ಪ್ರತಿಕಾಯಗಳು ಮಾರ್ಪಟ್ಟ ಫೈಬ್ರಿನನ್ನೇ ಗುರಿಯಾಗಿ ಹಿಡಿಯುವುವೆಂದು ಫ್ರಾನ್ಸಿನ ಸಂಶೋಧಕರು ತಿಳಿಸಿದರು.

೨೦೦೭ರಲ್ಲಿ ಅಮೆರಿಕದಲ್ಲಿ ನಡೆದ ಶೋಧನೆ ಇವುಗಳಲ್ಲಿ ಹೆಚ್ಚು ನಿರ್ಣಾಯಕವಾದುದು. ಫೈಬ್ರಿನೋಜನ್ ಇಲ್ಲದ ಇಲಿಗಳಲ್ಲಿ ಕೀಲಿನ ರೋಗವು ತಗ್ಗಿತು. ಆದರೆ ಫೈಬ್ರಿನೋಜನ್ನನ್ನೇ ನೀಗಿದರೆ ರಕ್ತಸ್ರಾವದ ಭಯ ಬೆನ್ನ ಹಿಂದೆಯೇ ಇರುವುದು. ಆದಕಾರಣ ಅವರು ಇನ್ನೊಂದು ಬಗೆಯ ಇಲಿಗಳನ್ನೂ ಪರೀಕ್ಷಿಸಿದರು. ಇವುಗಳ ಫೈಬ್ರಿನೋಜನ್ ಎಂದಿನಂತೆ ಹೆಪ್ಪುಗಟ್ಟುವುದು. ಬಿಳಿಯ ಕಣಗಳು ಬಂದು ಹಿಡಿದುಕೊಳ್ಳುವ ಒಂದು ಸಣ್ಣ ಭಾಗ ಮಾತ್ರ ಅದರಲ್ಲಿ ಮಾರ್ಪಟ್ಟಿರುವುದು. ಇವುಗಳಲ್ಲಿಯೂ ರೋಗವು ತಗ್ಗಿತು.