ಸಿಕ್ಕಾಗದ ದಾರದ ಕಥೆ

ನಮ್ಮ ಒಂದೇ ಒಂದು ಜೀವಕೋಶದಲ್ಲಿರುವ ಡಿಎನ್‌ಎ ಎಳೆಗಳನ್ನು ಬಿಡಿಸಿ ಸಾಲಾಗಿ ಜೋಡಿಸಿದರೆ ಸುಮಾರು 2 ಮೀಟರ್ ಉದ್ದವಾಗುತ್ತದೆ. ಅದನ್ನು ಹುದುಗಿಸಿಕೊಂಡಿರುವ ಕೋಶಕೇಂದ್ರದ ಅಗಲವೋ ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಡಿಎನ್‌ಎ ಎಳೆ ಅರ್ಧ ಮಿಲಿಮೀಟರ್ ದಪ್ಪದ ದಾರವೆಂದುಕೊಳ್ಳಿ. ಆಗ 500 ಕಿಲೋಮೀಟರ್ ದಾರವನ್ನು ಒಂದೂವರೆ ಮೀಟರ್ ಅಗಲದ ಬುಟ್ಟಿಯಲ್ಲಿ ತುಂಬಿದಂತೆ! ಗಾಳಿಪಟದ ದಾರವೇ ಕೈಯಲ್ಲಿ ಸಿಕ್ಕಾಗುವಾಗ ಇದು ಹೇಗೆ ಸಿಕ್ಕಾಗದೆ ಉಳಿಯುತ್ತದೆ?

ಉತ್ತರದ ಮೊದಲ ಎಳೆ ಸಿಕ್ಕಿದ್ದು ಜರ್ಮನಿಯಲ್ಲಿ. 1884ರಲ್ಲಿ ಆಲ್ಬ್ರೆಕ್ಟ್ ಕೋಸೆಲ್ ಹೆಬ್ಬಾತಿನ ರಕ್ತಕಣಗಳಿಂದ ಒಂದು ಪ್ರೋಟೀನನ್ನು ಬೇರ್ಪಡಿಸಿ ಅದನ್ನು ಹಿಸ್ಟೋನ್ ಎಂದು ಕರೆದರು. ನಾಲ್ಕು ವರ್ಷಗಳ ನಂತರ ವಾಲ್ಡೆಯರ್, ಬಣ್ಣ ಹೀರಿ ಸೂಕ್ಷ್ಮದರ್ಶಕದಲ್ಲಿ ಎದ್ದು ಕಾಣುವ ತಂತುಗಳಿಗೆ ಕ್ರೋಮೋಸೋಮ್ ಎಂದು ಹೆಸರಿಟ್ಟರು. ನಮ್ಮ 'ವರ್ಣತಂತು' ಅದರದೇ ಕನ್ನಡ ರೂಪ.

ಹಿಸ್ಟೋನ್ ಕೇವಲ ಸರಕು ಕಟ್ಟುವ ಗೋಣಿತಾಟು ಎಂಬ ಭಾವನೆ ಬಹುಕಾಲ ಇತ್ತು. 1974ರಲ್ಲಿ ರೋಜರ್ ಕಾರ್ನ್‌ಬರ್ಗ್, ಎಂಟು ಹಿಸ್ಟೋನ್‌ಗಳು ಸೇರಿ ಒಂದು ಘಟಕವಾಗಿ ಡಿಎನ್‌ಎಯನ್ನು ಹಿಡಿದಿಡುತ್ತವೆಂದು ಸೂಚಿಸಿದರು. 1997ರಲ್ಲಿ ಜ್ಯೂರಿಕ್‌ನ ಸಂಶೋಧಕರು ಅದರ ಸೂಕ್ಷ್ಮ ಚಿತ್ರವನ್ನು ಬಿಡಿಸಿಟ್ಟರು: ಪುಟ್ಟ ಉಂಡೆಯ ಸುತ್ತ ಡಿಎನ್‌ಎ ಎರಡು ಸುತ್ತಿಗೆ ತುಸು ಕಡಿಮೆ ಸುತ್ತಿಕೊಂಡಿರುತ್ತದೆ. ಸುತ್ತು ಬಿಗಿಯಾದಲ್ಲಿ ವಂಶವಾಹಿಗಳು ಮೌನ. ಸಡಿಲವಾದಲ್ಲಿ ಕೆಲಸ ಶುರು. ಗೋಣಿತಾಟು ಎಂದುಕೊಂಡದ್ದೇ ಉಗ್ರಾಣದ ಕೀಲಿಕೈಯೂ ಆಗಿತ್ತು.

ಉಂಡೆಗೆ ಸುತ್ತಿದ ಮಾತ್ರಕ್ಕೆ ಕೆಲಸ ಮುಗಿಯದು. 1997ರಲ್ಲೇ ಕಂಡೆನ್ಸಿನ್ ಮತ್ತು ಕೊಹೆಸಿನ್ ಎಂಬ ಉಂಗುರದಾಕಾರದ ಪ್ರೋಟೀನ್ ಕೂಟಗಳು ಬೆಳಕಿಗೆ ಬಂದವು. ಇವು ಎಳೆಯನ್ನು ಹಿಡಿದೆಳೆದು ಕುಣಿಕೆ ಕುಣಿಕೆಯಾಗಿ ಜೋಡಿಸುತ್ತವೆ. ಕಂಡೆನ್ಸಿನ್ ಹೀಗೆ ಕುಣಿಕೆ ಹೆಣೆಯುವುದನ್ನು 2018ರಲ್ಲಿ ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ ಸೂಕ್ಷ್ಮದರ್ಶಕದಡಿ ನೇರವಾಗಿ ಕಂಡರು. ಮರುವರ್ಷ ಕೊಹೆಸಿನ್‌ನ ಸರದಿ. ದೂರದ ವಂಶವಾಹಿಯೂ ಅದರ ಗುಂಡಿಯೂ ಹತ್ತಿರ ಬರಲು ಈ ಕುಣಿಕೆಗಳು ನೆರವಾಗುತ್ತವೆ.

ಇದೆಲ್ಲ ಪ್ರಯೋಗಾಲಯದ ಮಾತಷ್ಟೇ ಅಲ್ಲ. 1933ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಮಕ್ಕಳ ವೈದ್ಯೆ ಕಾರ್ನೆಲಿಯಾ ಡಿ ಲಾಂಜ್, ಕೂಡಿದ ಹುಬ್ಬು, ಕುಂಠಿತ ಬೆಳವಣಿಗೆಯ ಇಬ್ಬರು ಹೆಣ್ಣುಮಕ್ಕಳ ಬಗ್ಗೆ ಬರೆದರು. ಕಾರಣದ ಸುಳಿವು ಸಿಗಲು 71 ವರ್ಷ ಬೇಕಾಯಿತು. ಇಂಥ ಅನೇಕ ಮಕ್ಕಳಲ್ಲಿ, ಕೊಹೆಸಿನ್‌ ಉಂಗುರವನ್ನು ಡಿಎನ್‌ಎಗೆ ತೊಡಿಸುವ ಪ್ರೋಟೀನಿನ ವಂಶವಾಹಿಯಲ್ಲೇ ದೋಷವಿರುವುದು 2004ರಲ್ಲಿ ತಿಳಿಯಿತು.

ಆ ದೋಷವನ್ನು ತಿದ್ದುವ ಮದ್ದು ಇನ್ನೂ ಇಲ್ಲ. ಆದರೆ ಮಗು ಹೀಗೆ ಹುಟ್ಟಿದರೆ ಗ್ರಹಣವನ್ನೋ ಬಸುರಿಯ ನಡೆಯನ್ನೋ ದೂರುವ ಮನೆಗಳು ನಮ್ಮಲ್ಲಿ ಕಡಿಮೆಯೇನಲ್ಲ. ಈ ದೋಷ ಬಹುಪಾಲು ಹೊಸದಾಗಿ, ಆಕಸ್ಮಿಕವಾಗಿ ಹುಟ್ಟುವಂಥದ್ದು. ಅದರಲ್ಲಿ ತಾಯಿಯ ತಪ್ಪಿಲ್ಲ. ಹೆಬ್ಬಾತಿನ ರಕ್ತದಿಂದ ಹೊರಟ ಹುಡುಕಾಟ ಆ ತಾಯಂದಿರಿಗೆ ಇಷ್ಟನ್ನಾದರೂ ಹೇಳಬಲ್ಲುದು.