ಕೆರೆಬಿಳಚಿಯಿಂದ ಕಿದ್ವಾಯಿಗೆ: ಯಂತ್ರವೂ ಆಸರೆಯೂ

ನಮ್ಮೂರು ಕೆರೆಬಿಳಚಿಯ ಸ್ಮರಣ ಸಂಚಿಕೆಯಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರ ಚರಿತ್ರೆ ಯಾಕೆ ಎಂದು ಕೆಲವರಾದರೂ ಕೇಳಿಯಾರು. ಸೂಳೆಕೆರೆಯ ಸುತ್ತಿನ ಹಳ್ಳಿಗಳಲ್ಲಿ ಎದೆಯಲ್ಲಿ ಗಂಟು ಕಂಡ ಹೆಣ್ಣುಮಗಳಿಗೆ ಮೊದಲು ಕೇಳಿಬರುವ ಹೆಸರು ಕಿದ್ವಾಯಿ. ಆ ಕಾರಣಕ್ಕೇ ಸಂಚಿಕೆಯ ಸಮಿತಿಯವರು ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯನ್ನು ಕಟ್ಟಿದವರನ್ನು ನೆನೆಯುವ ಲೇಖನ ಬೇಕೆಂದರು. ಇಂಥ ಲೇಖನಗಳಲ್ಲಿ ಯಂತ್ರ, ಕಟ್ಟಡ, ನಿರ್ದೇಶಕರ ಹೆಸರು ಇಷ್ಟನ್ನು ಹೇಳಿ ಮುಗಿಸುವುದು ವಾಡಿಕೆ. ನನ್ನ ವಾದ ಸ್ವಲ್ಪ ಬೇರೆ. ಸ್ತನ ಕ್ಯಾನ್ಸರಿನ ವಿಕಿರಣ ಚಿಕಿತ್ಸೆಯಲ್ಲಿ ಯಂತ್ರದ ಕೆಲಸ ದಿನಕ್ಕೆ ಹತ್ತು ಹದಿನೈದು ನಿಮಿಷದ್ದು. ಮಿಕ್ಕ ಹೊತ್ತು ರೋಗಿ ಎಲ್ಲಿದ್ದಳು, ಏನು ಉಂಡಳು, ಪಕ್ಕದಲ್ಲಿ ಯಾರಿದ್ದರು ಎಂಬುದರ ಮೇಲೆ ಚಿಕಿತ್ಸೆ ಪೂರ್ತಿಯಾಗುವುದೋ ಅರ್ಧಕ್ಕೆ ನಿಲ್ಲುವುದೋ ನಿರ್ಧಾರವಾಗುತ್ತದೆ. ಕಿದ್ವಾಯಿಯ ಸಾಧನೆಯನ್ನೂ ಈ ಅಳತೆಯಿಂದಲೇ ನೋಡಬೇಕು.

ರಫಿ ಅಹ್ಮದ್ ಕಿದ್ವಾಯಿ ನೆಹರೂ ಸಂಪುಟದಲ್ಲಿ ಸಂಪರ್ಕ ಖಾತೆಯನ್ನೂ ಆಮೇಲೆ ಆಹಾರ ಖಾತೆಯನ್ನೂ ನೋಡಿಕೊಂಡವರು, 1954ರಲ್ಲಿ ತೀರಿಕೊಂಡರು. ವಿಕಿರಣ ಚಿಕಿತ್ಸೆಯ ಉಪಕರಣ ಕೊಳ್ಳಲು 1957ರಲ್ಲಿ ಮೈಸೂರು ಸರ್ಕಾರಕ್ಕೆ ಬಂದ 1 ಲಕ್ಷ ರೂಪಾಯಿ ನೆರವನ್ನು ಸಂಸ್ಥೆ ತನ್ನ ಚರಿತ್ರೆಯಲ್ಲಿ ಅವರ ಹೆಸರಿನೊಂದಿಗೇ ಹೇಳಿಕೊಳ್ಳುತ್ತದೆ. ಅಷ್ಟು ಹೊತ್ತಿಗೆ ಅವರಿಲ್ಲವಾಗಿ ಮೂರು ವರ್ಷ ಕಳೆದಿತ್ತು, ಹೆಸರು ಮಾತ್ರ ಉಳಿದು ಕೆಲಸ ಮಾಡಿತು. ಎಂದರೆ ಈ ಆಸ್ಪತ್ರೆಯ ಬೇರಿನಲ್ಲೇ ವಿಕಿರಣ ಚಿಕಿತ್ಸೆ ಇದೆ. ಪೂರ್ಣ ಪ್ರಮಾಣದ ಸಂಸ್ಥೆಯಾಗಿ ಅದು ತಲೆಯೆತ್ತಿದ್ದು 1973ರಲ್ಲಿ, ಹೊಸೂರು ರಸ್ತೆಯ ಬದಿಯಲ್ಲಿ. ಕ್ಯಾನ್ಸರ್ ಎಂಬ ಹೆಸರನ್ನು ಮನೆಯೊಳಗೂ ಪಿಸುಗುಟ್ಟುತ್ತಿದ್ದ ಕಾಲ ಅದು. ರೋಗಿ ಆಸ್ಪತ್ರೆಗೆ ಬರುವುದೇ ತಡವಾಗಿ, ಬಂದವರಿಗೆ ಹಾಸಿಗೆ ಸಾಲದು, ಯಂತ್ರ ಸಾಲದು. ಸ್ಥಾಪಕ ನಿರ್ದೇಶಕ ಡಾ. ಎಂ. ಕೃಷ್ಣ ಭಾರ್ಗವ ಆ ದಿನಗಳ ಭಾರ ಹೊತ್ತರು. ಕ್ಯಾನ್ಸರಿಗೆಂದೇ ಪ್ರತ್ಯೇಕ ಆಸ್ಪತ್ರೆ ಬೇಕೇ, ದೊಡ್ಡಾಸ್ಪತ್ರೆಯ ಒಂದು ವಾರ್ಡು ಸಾಲದೇ ಎಂಬ ಪ್ರಶ್ನೆಗೆ ಸಂಸ್ಥೆ ಬೆಳೆದ ಬಗೆಯೇ ಉತ್ತರವಾಯಿತು: 1980ರ ಹೊತ್ತಿಗೆ ಅದು ಸ್ವಾಯತ್ತವಾಗಿ, ಕೇಂದ್ರ ಸರ್ಕಾರ ಗುರುತಿಸಿದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವೂ ಆಗಿತ್ತು. ಆ ಪೀಳಿಗೆಯ ದುಡಿಮೆಯ ಸಾಧನ ಕೋಬಾಲ್ಟ್ ಯಂತ್ರ. 1951ರಲ್ಲಿ ಕೆನಡಾದಲ್ಲಿ ಮೊದಲ ಬಾರಿ ರೋಗಿಗಳಿಗೆ ಬಳಕೆಯಾದ ಈ ಯಂತ್ರ ಗಟ್ಟಿಮುಟ್ಟು, ಸರಳ. ಆದರೆ ಅದರೊಳಗಿನ ಕೋಬಾಲ್ಟಿನ ಶಕ್ತಿ ಸುಮಾರು 5 ವರ್ಷ 3 ತಿಂಗಳಿಗೆ ಅರ್ಧಕ್ಕೆ ಇಳಿಯುತ್ತದೆ. ಅದು ಹಳತಾದಷ್ಟೂ ಅದೇ ಪ್ರಮಾಣದ ವಿಕಿರಣ ಕೊಡಲು ರೋಗಿಯನ್ನು ಹೆಚ್ಚು ಹೊತ್ತು ಮಲಗಿಸಬೇಕು, ಹೊರಗಿನ ಸಾಲು ಅಷ್ಟಕ್ಕಷ್ಟು ಉದ್ದವಾಗುತ್ತದೆ. ಆ ಸಾಲನ್ನು ಬೆಳಗಿನಿಂದ ರಾತ್ರಿಯವರೆಗೆ ಕರಗಿಸುತ್ತಿದ್ದ ತಂತ್ರಜ್ಞರ, ನರ್ಸುಗಳ ಹೆಸರು ಯಾವ ಫಲಕದ ಮೇಲೂ ಬರುವುದಿಲ್ಲವೆಂದೇ ಅವರನ್ನು ಇಲ್ಲಿ ನೆನೆಯುತ್ತಿದ್ದೇನೆ.

ನಂತರದ ದಶಕಗಳು ಬೆಳವಣಿಗೆಯವು, ಹೆಚ್ಚು ಕಥೆಯಿಲ್ಲ. 1982ರಿಂದ ಬೆಂಗಳೂರಿನ ಕ್ಯಾನ್ಸರ್ ನೋಂದಣಿ ಇಲ್ಲಿ ನಡೆಯುತ್ತಿದೆ. ಮೊದಲು ಹೆಂಗಸರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಮುಂದಿತ್ತು, ಈಗ ಆ ಜಾಗಕ್ಕೆ ಸ್ತನ ಕ್ಯಾನ್ಸರ್ ಬಂದಿದೆ ಎಂದು ನಮಗೆ ಗೊತ್ತಾದದ್ದು ಆ ಲೆಕ್ಕದ ಪುಸ್ತಕದಿಂದ. ಕೋಬಾಲ್ಟಿನ ಜೊತೆಗೆ ಲೀನಿಯರ್ ಆಕ್ಸಿಲರೇಟರ್ ಬಂತು. ಕಲಬುರಗಿ, ಮಂಡ್ಯಗಳಲ್ಲಿ ಉಪಕೇಂದ್ರಗಳಾದವು. ಕಾಲಾಂತರದಲ್ಲಿ ರಾಜ್ಯದಲ್ಲಿ ಖಾಸಗಿ ಕ್ಯಾನ್ಸರ್ ಆಸ್ಪತ್ರೆಗಳೂ ಎದ್ದವು. ಹುಬ್ಬಳ್ಳಿಯ ನವನಗರದಲ್ಲಿ ಡಾ. ಆರ್. ಬಿ. ಪಾಟೀಲರು ಕಟ್ಟಿದ ಕ್ಯಾನ್ಸರ್ ಆಸ್ಪತ್ರೆ ಉತ್ತರದ ಜಿಲ್ಲೆಗಳಿಗೆ ಮಾಡಿದ ಉಪಕಾರವನ್ನು ಮಾತ್ರ ಹೇಳದೆ ಮುಂದೆ ಹೋಗಲಾರೆ.

ಈಗ ವಾದದ ಮುಖ್ಯ ಭಾಗ. ಗಡ್ಡೆಯನ್ನಷ್ಟೇ ತೆಗೆದು ಸ್ತನವನ್ನು ಉಳಿಸಿಕೊಳ್ಳುವ ಶಸ್ತ್ರಚಿಕಿತ್ಸೆ ಮಿಲಾನಿನ ಉಂಬರ್ಟೊ ವೆರೊನೇಸಿ, ಅಮೆರಿಕದ ಬರ್ನಾರ್ಡ್ ಫಿಶರ್ ಇವರ ಪ್ರಯೋಗಗಳಿಂದ ಒಪ್ಪಿತವಾಯಿತು. ಆದರೆ ಅದರ ಬೆನ್ನಿಗೆ ಸಾಮಾನ್ಯವಾಗಿ ವಿಕಿರಣ ಬೇಕೇ ಬೇಕು. ಹದಿನೇಳು ಪ್ರಯೋಗಗಳ ಹತ್ತು ಸಾವಿರಕ್ಕೂ ಹೆಚ್ಚು ಹೆಂಗಸರ ಮಾಹಿತಿ ಒಟ್ಟುಗೂಡಿಸಿ 2011ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಇದನ್ನು ಖಚಿತಪಡಿಸಿತು. ವಿಕಿರಣ ಇಲ್ಲದಿದ್ದರೆ ಹತ್ತು ವರ್ಷದೊಳಗೆ 100ರಲ್ಲಿ 35 ಮಂದಿಗೆ ರೋಗ ಮರುಕಳಿಸಿತ್ತು, ವಿಕಿರಣ ಪಡೆದವರಲ್ಲಿ 19 ಮಂದಿಗೆ. ಮರುಕಳಿಕೆ ತಪ್ಪಿದ ಪ್ರತಿ ನಾಲ್ವರಿಗೆ ಸುಮಾರು ಒಂದು ಜೀವ ಹದಿನೈದನೆಯ ವರ್ಷದ ಹೊತ್ತಿಗೆ ಉಳಿದಿತ್ತು. ಈ ಲಾಭವೆಲ್ಲ ಚಿಕಿತ್ಸೆಯನ್ನು ಕೊನೆಮುಟ್ಟಿಸಿದವರಿಗೆ. ದೀರ್ಘಕಾಲ ರೂಢಿಯಲ್ಲಿದ್ದ ಕ್ರಮ 50 ಗ್ರೇ ವಿಕಿರಣವನ್ನು 25 ಪಾಲು ಮಾಡಿ, ವಾರಕ್ಕೆ ಐದು ದಿನದಂತೆ ಐದು ವಾರ ಕೊಡುವುದು. ದಾವಣಗೆರೆಯಿಂದಲೇ ಬೆಂಗಳೂರಿಗೆ ಸುಮಾರು 260 ಕಿಲೋಮೀಟರ್, ಕೆರೆಬಿಳಚಿಯಿಂದ ದಿನಾ ಹೋಗಿಬರುವ ಮಾತೇ ಇಲ್ಲ. ಐದು ವಾರ ಊರು ಬಿಡುವುದೆಂದರೆ ಅಡಿಕೆ ಸುಲಿಯುವ ಕೂಲಿ ಬಿಡುವುದು, ಮಕ್ಕಳನ್ನು ಯಾರದೋ ಮನೆಯಲ್ಲಿ ಬಿಡುವುದು, ಜೊತೆಗೆ ಬಂದವರ ದುಡಿಮೆಯನ್ನೂ ಬಿಡುವುದು. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ನಡೆದ ಅಧ್ಯಯನದಲ್ಲೇ, ಮನೆ ದೂರವಾದಷ್ಟೂ ಗಡ್ಡೆ ತೆಗೆಸಿಕೊಂಡ ಹೆಂಗಸರು ವಿಕಿರಣ ಪಡೆಯುವುದು ಕಡಿಮೆಯಾಗುವುದು ಕಂಡುಬಂತು. ಕಾರು, ಹೆದ್ದಾರಿ ಇರುವ ನಾಡಿನ ಮಾತು ಇದು. ನಮ್ಮಲ್ಲಿ ದೂರದ ಲೆಕ್ಕ ಶಸ್ತ್ರಚಿಕಿತ್ಸೆಯ ಆಯ್ಕೆಯನ್ನೇ ಬದಲಿಸಬಲ್ಲದು: ಇಡೀ ಸ್ತನ ತೆಗೆಸಿದರೆ ಕರೆಂಟು, ಅಂದರೆ ವಿಕಿರಣ, ತಪ್ಪೀತು ಎಂಬ ಎಣಿಕೆ. ಕೆಲವರಿಗೆ ತಪ್ಪುವುದೂ ಉಂಟು. ಕಂಕುಳಿನ ಗ್ರಂಥಿಗಳಿಗೆ ರೋಗ ಹಬ್ಬಿದ್ದರೆ ಬಹುಮಟ್ಟಿಗೆ ತಪ್ಪುವುದಿಲ್ಲ.

ಹಾಗಾಗಿಯೇ ಕಿದ್ವಾಯಿಯ ಆವರಣದಲ್ಲಿ ಇನ್ಫೋಸಿಸ್ ಪ್ರತಿಷ್ಠಾನ ಕಟ್ಟಿಸಿದ ಧರ್ಮಶಾಲೆಯನ್ನು ನಾನು ಯಾವ ಆಕ್ಸಿಲರೇಟರಿಗೂ ಕಡಿಮೆಯೆಂದು ಎಣಿಸುವುದಿಲ್ಲ. ರೋಗಿಗಳ ಜೊತೆ ನಿಲ್ಲುವ ಕೆಲಸವನ್ನು ಹಚ್ಚಿಕೊಂಡ ನನ್ನಂಥವರಿಗೆ ಈ ಪಕ್ಷಪಾತ ಸಹಜ, ಓದುಗರು ಅಷ್ಟನ್ನು ಕಳೆದೇ ಓದಲಿ. ತಂಗಲು ಜಾಗ ಸಿಕ್ಕ ಮೇಲೆ ಬೇಕಾಗುವುದು ಈ ದಾರಿಯಲ್ಲಿ ಮೊದಲೇ ನಡೆದ ಹೆಂಗಸು. ಎದೆಯ ಮೇಲೆ ಹಾಕಿದ ಗುರುತನ್ನು ಉಜ್ಜಿ ತೊಳೆಯಬಾರದು, ಸಡಿಲ ಹತ್ತಿಯ ರವಿಕೆ ಸಾಕು, ಎರಡನೆಯ ಮೂರನೆಯ ವಾರದಿಂದ ಚರ್ಮ ಕೆಂಪಾಗಿ ಉರಿದೀತು, ಆಯಾಸ ಮುಗಿಯುವ ಹೊತ್ತಿಗೇ ಹೆಚ್ಚಾದೀತು, ತೋಳಿನ ವ್ಯಾಯಾಮ ಬಿಡಬಾರದು ಎಂಬುದನ್ನೆಲ್ಲ ವೈದ್ಯರೂ ಹೇಳುತ್ತಾರೆ. ಆದರೆ ಹೊರಗಿನಿಂದ ಕೊಟ್ಟ ವಿಕಿರಣ ಮೈಯಲ್ಲಿ ಉಳಿಯುವುದಿಲ್ಲ, ಮಗುವನ್ನು ಎತ್ತಿಕೊಳ್ಳಬಹುದು, ಒಂದೇ ಹಾಸಿಗೆಯಲ್ಲಿ ಮಲಗಬಹುದು ಎಂಬುದನ್ನು ಅನುಭವಿಸಿದವಳು ಹೇಳಿದಾಗಲೇ ಮನೆಯವರು ನಂಬುವುದು. ಕನ್ನಡದ ಜೊತೆ ಉರ್ದುವೂ ಮನೆಮಾತಾಗಿರುವ ನಮ್ಮೂರಿನವರಿಗೆ ಆ ಮಾತು ತಮ್ಮ ಭಾಷೆಯಲ್ಲೇ ಸಿಗುವುದು ಇನ್ನೂ ಮುಖ್ಯ. ಅನುಭವಸ್ಥರ ಈ ಜೊತೆಗಾರಿಕೆ ಹೊಸ ಸಂಗತಿಯೇನಲ್ಲ. ನ್ಯೂಯಾರ್ಕಿನ ಟೆರೀಸ್ ಲ್ಯಾಸರ್ ತಾನು ಸ್ತನ ತೆಗೆಸಿಕೊಂಡ ಮೇಲೆ 1952ರಲ್ಲಿ ‘ರೀಚ್ ಟು ರಿಕವರಿ’ ಎಂಬ ಜೊತೆಗಾರಿಕೆಯನ್ನು ಆರಂಭಿಸಿದಳು. ಆಗ ಅದನ್ನು ಅನುಮಾನದಿಂದ ನೋಡಿದ ವೈದ್ಯರಿದ್ದರು, 1969ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿಯೇ ಅದನ್ನು ತನ್ನದಾಗಿಸಿಕೊಂಡಿತು.

ಆಕ್ಷೇಪಣೆಗಳಿವೆ, ಬಲವಾದವೇ. ಚಿಕಿತ್ಸೆಯೇ ಚಿಕ್ಕದಾಗುತ್ತಿರುವಾಗ ಧರ್ಮಶಾಲೆಯ ಮಾತೇಕೆ ಎನ್ನಬಹುದು. ಬ್ರಿಟನ್ನಿನ ಸ್ಟಾರ್ಟ್ ಪ್ರಯೋಗಗಳು 2008ರಲ್ಲಿ 15 ದಿನದ ಕ್ರಮವನ್ನು ಸಮರ್ಥಿಸಿದವು. 2020ರಲ್ಲಿ ಫಾಸ್ಟ್-ಫಾರ್ವರ್ಡ್ ಪ್ರಯೋಗ 26 ಗ್ರೇ ವಿಕಿರಣವನ್ನು ಐದೇ ದಿನದಲ್ಲಿ ಮುಗಿಸಿ, ಐದು ವರ್ಷದ ಫಲಿತಾಂಶದಲ್ಲಿ ಅದು ಹಿಂದೆ ಬೀಳಲಿಲ್ಲವೆಂದು ತೋರಿಸಿತು. ನಿಜ, ದೂರದ ಊರುಗಳಿಗೆ ಇದಕ್ಕಿಂತ ದೊಡ್ಡ ವರ ಮತ್ತೊಂದಿಲ್ಲ. ಆದರೆ ಎಲ್ಲರಿಗೂ ಐದು ದಿನ ಹೊಂದುವುದಿಲ್ಲ, ಹೊಂದಿದರೂ ಅದಕ್ಕೆ ಮುಂಚೆ ಕೀಮೋ, ಶಸ್ತ್ರಚಿಕಿತ್ಸೆ, ಸ್ಕ್ಯಾನ್, ಅಳತೆಗಳ ಓಡಾಟ ಇದ್ದೇ ಇದೆ. ಚಿಕಿತ್ಸೆ ಕಿರಿದಾದರೆ ಒಬ್ಬಳು ಬಿಟ್ಟ ಕೋಣೆ ಇನ್ನೊಬ್ಬಳಿಗೆ ಬೇಗ ಸಿಗುತ್ತದೆ, ಅದು ಲಾಭವೇ. ಎರಡನೆಯ ಆಕ್ಷೇಪ: ಅನುಭವಸ್ಥರು ವೈದ್ಯರಲ್ಲ, ತಪ್ಪು ಸಲಹೆ ಕೊಟ್ಟಾರು. ಕೊಟ್ಟಾರು, ಒಪ್ಪಿದೆ. ಆದರೆ ಜೊತೆಗಾರ್ತಿ ಇಲ್ಲದ ಕಡೆ ಆ ಜಾಗ ಖಾಲಿ ಉಳಿಯುವುದಿಲ್ಲ. ಅರಿಸಿನ ಲೇಪ, ಕಟ್ಟುನಿಟ್ಟಿನ ಪಥ್ಯ, ಸೊಪ್ಪಿನ ಔಷಧಿ ಹೇಳುವವರು ಬಂದು ಕೂರುತ್ತಾರೆ. ತರಬೇತಿ ಪಡೆದು, ಆಸ್ಪತ್ರೆಯ ಕಣ್ಣಳತೆಯಲ್ಲಿ ನಡೆಯುವ ಜೊತೆಗಾರಿಕೆಯೇ ಇದಕ್ಕೆ ಮದ್ದು. ಮೂರನೆಯದು ಹಣದ್ದು. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಕೊಡುವಾಗ ಇನ್ನೇನು ಬೇಕು? ಆ ಹಣ ಚಿಕಿತ್ಸೆಯದು. ವಾರಗಟ್ಟಲೆ ಹೊರಗೆ ಉಳಿಯುವ ಬಾಡಿಗೆಗೂ ತಪ್ಪಿದ ಕೂಲಿಗೂ ಅಲ್ಲ. ಕೆರೆ ತುಂಬಿದ್ದರೂ ತೂಬು ಎತ್ತದಿದ್ದರೆ ಗದ್ದೆಗೆ ನೀರು ಹರಿಯದೆಂದು ಸೂಳೆಕೆರೆಯ ಅಚ್ಚುಕಟ್ಟಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಸಮಿತಿಯವರಲ್ಲಿ ಒಂದು ಕೋರಿಕೆ. ಕ್ಯಾನ್ಸರ್ ರೋಗಿಗೆ ಚಿಕಿತ್ಸೆಯ ಪ್ರಯಾಣದಲ್ಲಿ ರೈಲ್ವೆ ಇಲಾಖೆ ಸ್ಲೀಪರ್ ದರ್ಜೆಯಲ್ಲಿ ಪೂರ್ತಿ ರಿಯಾಯಿತಿ ಕೊಡುತ್ತದೆ, ಜೊತೆಗಾರರೊಬ್ಬರಿಗೆ ಶೇಕಡಾ 75ರಷ್ಟು. ಬೇಕಾದದ್ದು ಆಸ್ಪತ್ರೆ ಸಹಿ ಮಾಡಿಕೊಟ್ಟ ನಿಗದಿತ ನಮೂನೆ. ಸಂಚಿಕೆಯ ಜಾಹೀರಾತು ಪುಟಗಳ ನಡುವೆ ಅರ್ಧ ಪುಟ ಉಳಿದರೆ ಆ ವಿವರವನ್ನೂ, ಧರ್ಮಶಾಲೆಯಲ್ಲಿ ಜಾಗ ಕೇಳುವ ಬಗೆಯನ್ನೂ, ಆರೋಗ್ಯ ಕರ್ನಾಟಕಕ್ಕೆ ಒಯ್ಯಬೇಕಾದ ಕಾಗದಪತ್ರಗಳನ್ನೂ ಕನ್ನಡ, ಉರ್ದು ಎರಡರಲ್ಲೂ ದಪ್ಪಕ್ಷರದಲ್ಲಿ ಅಚ್ಚು ಹಾಕಲಿ. ಪುಟ ಹರಿದಿಟ್ಟುಕೊಳ್ಳುವಂತಿರಲಿ.