ಪಕ್ಷಿಧಾಮಗಳಲ್ಲಿ ಡಿಜಿಟಲ್ ಛಾಯಾಗ್ರಹಣ: ಪಕ್ಷಿವೀಕ್ಷಕರಿಗೆ ಮಾಹಿತಿ

ಪಕ್ಷಿಧಾಮಗಳಲ್ಲಿ ಕಾಡುಹಕ್ಕಿಗಳ ಛಾಯಾಚಿತ್ರ ತೆಗೆಯಲು ಇಚ್ಛಿಸುವ ಪಕ್ಷಿವೀಕ್ಷಕರ ಅವಗಾಹನೆಗಾಗಿ ಈ ಮಾಹಿತಿಯನ್ನು ಒದಗಿಸಲಾಗಿದೆ. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ ತಾಲ್ಲೂಕಿನ ರಂಗನತಿಟ್ಟು ಪಕ್ಷಿಧಾಮವನ್ನು ಇಲ್ಲಿ ಉದಾಹರಣೆಯಾಗಿ ಇಟ್ಟುಕೊಳ್ಳಲಾಗಿದೆ. ಕಾವೇರಿ ನದಿಯ ನಡುಗಡ್ಡೆಗಳ ಈ ತಾಣವು ಪಕ್ಷಿತಜ್ಞ ಡಾ. ಸಲೀಂ ಅಲಿ ಅವರ ಸಲಹೆಯ ಮೇರೆಗೆ 1940ರಲ್ಲಿ ಪಕ್ಷಿಧಾಮವೆಂದು ಘೋಷಿತವಾಯಿತು. 2022ರಲ್ಲಿ ರಾಮ್ಸಾರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು.

ಅನುಮತಿ

ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ 28ನೇ ಪ್ರಕರಣದಂತೆ ಧಾಮದ ಪ್ರವೇಶಕ್ಕೆ ಪರವಾನಗಿ ನೀಡಬಹುದಾದ ಉದ್ದೇಶಗಳಲ್ಲಿ ಛಾಯಾಗ್ರಹಣವೂ ಒಂದು. 2022ರ ತಿದ್ದುಪಡಿಯು ಇದಕ್ಕೆ ಒಂದು ಷರತ್ತನ್ನು ಸೇರಿಸಿದೆ: ಆವಾಸಸ್ಥಾನದಲ್ಲಿ ಯಾವುದೇ ಬದಲಾವಣೆ ಮಾಡದೆ, ಆವಾಸಸ್ಥಾನಕ್ಕಾಗಲೀ ವನ್ಯಜೀವಿಗಾಗಲೀ ಪ್ರತಿಕೂಲ ಪರಿಣಾಮ ಉಂಟಾಗದಂತೆ ಛಾಯಾಗ್ರಹಣ ಮತ್ತು ಚಲನಚಿತ್ರ ಚಿತ್ರೀಕರಣ ನಡೆಯತಕ್ಕದ್ದು. ಅಡ್ಡ ಬಂದ ಒಂದು ರೆಂಬೆಯನ್ನು ಬಗ್ಗಿಸಿ ಕಟ್ಟುವುದೂ ಬದಲಾವಣೆಯೇ ಎಂಬುದನ್ನು ಗಮನಿಸುವುದು.

ಸಾಮಾನ್ಯ ಪ್ರವಾಸಿಗರು ಪ್ರವೇಶ ಟಿಕೆಟ್ ಪಡೆದು, ನಿಗದಿತ ಹಾದಿಯಿಂದ ಮತ್ತು ಇಲಾಖೆಯ ದೋಣಿಯಿಂದ ಚಿತ್ರ ತೆಗೆಯಬಹುದು. ಶುಲ್ಕಗಳು ಕಾಲಕಾಲಕ್ಕೆ ಪರಿಷ್ಕರಣೆಗೊಳ್ಳುವುದರಿಂದ ಟಿಕೆಟ್ ಕೌಂಟರಿನಲ್ಲಿ ಪ್ರಕಟಿಸಿದ ದರವನ್ನೇ ಅಧಿಕೃತವೆಂದು ಪರಿಗಣಿಸತಕ್ಕದ್ದು. ಚಲನಚಿತ್ರ, ಸಾಕ್ಷ್ಯಚಿತ್ರ ಅಥವಾ ಸಂಶೋಧನೆಯ ಉದ್ದೇಶವಿದ್ದಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಮುಂಚಿತವಾಗಿ ಅರ್ಜಿ ಸಲ್ಲಿಸುವುದು. ಅರ್ಜಿಯಲ್ಲಿ ಉದ್ದೇಶ, ದಿನಾಂಕ, ಸ್ಥಳ, ತಂಡದ ಸದಸ್ಯರ ವಿವರ ಹಾಗೂ ಉಪಕರಣಗಳ ಪಟ್ಟಿ ಸ್ಪಷ್ಟವಾಗಿರಲಿ. "ಪಕ್ಷಿ ಅಧ್ಯಯನಕ್ಕಾಗಿ" ಎಂದಷ್ಟೇ ಬರೆದ ಅರ್ಜಿಯಿಂದ ಯಾವುದೂ ತಿಳಿಯುವುದಿಲ್ಲ.

ಗೂಡುಗಳ ವಿಷಯ

ಈ ಅಂಶವನ್ನು ವಿಶೇಷವಾಗಿ ಗಮನಿಸಲು ಕೋರಲಾಗಿದೆ. ಸದರಿ ಅಧಿನಿಯಮದಲ್ಲಿ "ಬೇಟೆ" ಎಂಬ ಪದದ ಅರ್ಥವು ಹಕ್ಕಿಯನ್ನು ಕೊಲ್ಲುವುದಕ್ಕೆ ಸೀಮಿತವಾಗಿಲ್ಲ. ಕಾಡುಹಕ್ಕಿಯ ಮೊಟ್ಟೆಗೆ ಹಾನಿ ಮಾಡುವುದು, ಮೊಟ್ಟೆ ಅಥವಾ ಗೂಡಿಗೆ ತೊಂದರೆ ಕೊಡುವುದು ಸಹ 2(16)ನೇ ಪ್ರಕರಣದ ಮೇರೆಗೆ ಬೇಟೆಯೇ ಆಗಿರುತ್ತದೆ. ಧಾಮದೊಳಗಿನ ಬೇಟೆಗೆ 3 ವರ್ಷಕ್ಕೆ ಕಡಿಮೆಯಿಲ್ಲದ, 7 ವರ್ಷದವರೆಗೆ ವಿಸ್ತರಿಸಬಹುದಾದ ಕಾರಾಗೃಹವಾಸ ಮತ್ತು 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡವಿದೆ. ಬಂದೂಕು ಹಿಡಿದವನಿಗೂ ಕ್ಯಾಮೆರಾ ಹಿಡಿದವನಿಗೂ ಕಾನೂನು ಇಲ್ಲಿ ಭೇದವೆಣಿಸುವುದಿಲ್ಲ.

ಕಾರಣ ಸರಳವಾಗಿದೆ. ನದಿ ರೀವ ಹಕ್ಕಿಯು ಬೇಸಿಗೆಯಲ್ಲಿ ಬರಿಯ ಬಂಡೆ ಅಥವಾ ಮರಳಿನ ಮೇಲೆ ಮೊಟ್ಟೆಯಿಡುತ್ತದೆ. ತಾಯಿ ಕೂತಿರುವುದು ಕಾವಿಗಾಗಿ ಮಾತ್ರವಲ್ಲ, ಮಧ್ಯಾಹ್ನದ ಬಿಸಿಲಿಗೆ ಮೊಟ್ಟೆ ಕಾಯದಂತೆ ನೆರಳಿಗಾಗಿಯೂ ಹೌದು. ದೋಣಿ ಹತ್ತಿರ ಬಂತೆಂದು ಅದು ಎದ್ದು ಹಾರಿದರೆ ಮೊಟ್ಟೆ ಬಿಸಿಲಿಗೆ ಸಿಗುತ್ತದೆ. ಇಲ್ಲವೇ ಕಾಗೆಯ ಪಾಲಾಗುತ್ತದೆ. ಬಣ್ಣದ ಕೊಕ್ಕರೆ, ಬಾಯಿಕಳಕ ಮುಂತಾದವು ಮರಗಳ ಮೇಲೆ ಒತ್ತೊತ್ತಾಗಿ ಗೂಡು ಕಟ್ಟುವುದರಿಂದ ಒಂದು ಹಕ್ಕಿ ಬೆದರಿದರೆ ಇಡೀ ಮರವೇ ಬರಿದಾಗಬಹುದು. ಹಾರುವ ಚಿತ್ರ ಬೇಕೆಂದು ಚಪ್ಪಾಳೆ ತಟ್ಟುವುದು, ಕಲ್ಲೆಸೆಯುವುದು, ಧ್ವನಿಮುದ್ರಿತ ಕೂಗನ್ನು ಕೇಳಿಸಿ ಕರೆಯುವುದು, ಫ್ಲ್ಯಾಶ್ ಹಾಕುವುದು ಇವನ್ನು ಮಾಡತಕ್ಕದ್ದಲ್ಲ. ಅನುಮತಿಯಿಲ್ಲದೆ ಡ್ರೋನ್ ಹಾರಿಸುವಂತಿಲ್ಲ. ದೋಣಿಯನ್ನು ಇನ್ನಷ್ಟು ಹತ್ತಿರ ಒಯ್ಯುವಂತೆ ಅಂಬಿಗರನ್ನು ಒತ್ತಾಯಿಸಬಾರದು; ಬಂಡೆಯ ಮೇಲೆ ಮಲಗಿರುವ ಮೊಸಳೆಗಳ ಸಂಗತಿಯೂ ನೆನಪಿರಲಿ.

ಕ್ಯಾಮೆರಾ ಕುರಿತು

ಹತ್ತಿರ ಹೋಗುವ ಬದಲು 300ರಿಂದ 400 ಮಿ.ಮೀ. ಅಥವಾ ಹೆಚ್ಚಿನ ಮಸೂರವನ್ನು ಬಳಸುವುದು ಸೂಕ್ತ. ದೋಣಿ ಅಲುಗಾಡುವುದರಿಂದ ಸೆಕೆಂಡಿನ 1/1000 ಭಾಗಕ್ಕಿಂತ ನಿಧಾನವಾದ ಷಟರ್ ವೇಗದಲ್ಲಿ ಚಿತ್ರ ಮಸುಕಾಗುವ ಸಂಭವ ಹೆಚ್ಚು; ಹಾರುವ ಹಕ್ಕಿಗೆ 1/2000 ಇರಲಿ. ತ್ರಿಪಾದಿ ದೋಣಿಯಲ್ಲಿ ಪ್ರಯೋಜನಕ್ಕೆ ಬಾರದು.

ಬಿಳಿ ಹಕ್ಕಿಗಳಲ್ಲಿ ಅನೇಕರು ಸೋಲುತ್ತಾರೆ. ಕಡುಹಸಿರು ಎಲೆಗಳ ಮುಂದೆ ಬೆಳ್ಳಕ್ಕಿಯೊಂದು ಕುಳಿತಿದ್ದರೆ, ಚೌಕಟ್ಟಿನ ಹೆಚ್ಚು ಭಾಗ ಕಪ್ಪಾಗಿರುವುದನ್ನು ಕಂಡು ಕ್ಯಾಮೆರಾ ಬೆಳಕನ್ನು ಹೆಚ್ಚಿಸುತ್ತದೆ. ಹಕ್ಕಿ ಸುಣ್ಣದ ಮುದ್ದೆಯಂತೆ ಕಾಣುತ್ತದೆ. ಎಕ್ಸ್‌ಪೋಷರನ್ನು ಮುಕ್ಕಾಲು ಅಥವಾ ಒಂದು ಸ್ಟಾಪ್ ತಗ್ಗಿಸಿದಲ್ಲಿ ಗರಿಗಳ ವಿವರ ಉಳಿಯುತ್ತದೆ. ಒಮ್ಮೆ ಅಳಿಸಿಹೋದ ವಿವರ ಜೆಪೆಗ್ ಕಡತದಲ್ಲಿ ಮರಳುವುದಿಲ್ಲ. ರಾ ಕಡತದಲ್ಲಿ ಸ್ವಲ್ಪಮಟ್ಟಿಗೆ ಮರಳುತ್ತದೆ.

ಗುರುತಿಸುವಿಕೆಗೆ ಸುಂದರವಾದ ಚಿತ್ರವೇ ಬೇಕೆಂದಿಲ್ಲ. ನೀರುಕಾಗೆಗಳು ದೂರದಿಂದ ಒಂದೇ ಬಗೆಯಾಗಿ ಕಾಣುತ್ತವೆ. ಪುಟ್ಟ ನೀರುಕಾಗೆಯ ಕೊಕ್ಕು ಗಿಡ್ಡ, ಭಾರತೀಯ ನೀರುಕಾಗೆಯದು ನೀಳ ಮತ್ತು ಸಪೂರ. ಕೊಕ್ಕು ಹಾಗೂ ಕಣ್ಣು ಸ್ಪಷ್ಟವಾಗಿರುವ ಸಾಧಾರಣ ಚಿತ್ರವೂ ಸಾಕು. ಇ-ಬರ್ಡ್‌ನಂತಹ ದಾಖಲೆಗಳಿಗೆ ಸೇರಿಸುವವರು ಕ್ಯಾಮೆರಾದ ದಿನಾಂಕ ಮತ್ತು ವೇಳೆಯನ್ನು ಸರಿಪಡಿಸಿಟ್ಟುಕೊಂಡು, ಮೂಲ ಕಡತವನ್ನು ತಿದ್ದದೆ ಕಾಯ್ದಿರಿಸತಕ್ಕದ್ದು.

ಮೊಬೈಲ್ ಫೋನ್ ಮತ್ತು ಜಿ.ಪಿ.ಎಸ್. ಇರುವ ಕ್ಯಾಮೆರಾಗಳು ಚಿತ್ರದೊಳಗೇ ಸ್ಥಳದ ಅಕ್ಷಾಂಶ ರೇಖಾಂಶಗಳನ್ನು ಬರೆದಿಡುತ್ತವೆ. ಗೂಡಿನ ಅಥವಾ ಅಪರೂಪದ ಹಕ್ಕಿಯ ಚಿತ್ರವನ್ನು ಇತರರಿಗೆ ಕಳುಹಿಸುವ ಮುನ್ನ ಈ ವಿವರವನ್ನು ಅಳಿಸುವುದು. ಇಲ್ಲವಾದಲ್ಲಿ ಒಬ್ಬರು ಕಾಪಾಡಿದ ಅಂತರವನ್ನು ಮರುದಿನ ಬರುವ ಐವತ್ತು ಜನ ಕಾಪಾಡುವರೆಂಬ ಭರವಸೆಯಿಲ್ಲ.

ಪ್ರಯಾಣಕ್ಕೆ ಮುನ್ನ

ಬಣ್ಣದ ಕೊಕ್ಕರೆಗಳು ಗೂಡಿನಲ್ಲಿರುವ ಚಳಿಗಾಲದ ಕೊನೆ ಮತ್ತು ಬೇಸಿಗೆಯ ಆರಂಭ ವೀಕ್ಷಣೆಗೆ ಒಳ್ಳೆಯ ಸಮಯ. ಮಳೆಗಾಲದಲ್ಲಿ ಕೃಷ್ಣರಾಜಸಾಗರದಿಂದ ಹೆಚ್ಚು ನೀರು ಬಿಟ್ಟಾಗ ರಂಗನತಿಟ್ಟಿನಲ್ಲಿ ದೋಣಿವಿಹಾರ ಸ್ಥಗಿತಗೊಳ್ಳುವುದರಿಂದ ಮೊದಲೇ ವಿಚಾರಿಸಿಕೊಳ್ಳುವುದು.

ದೋಣಿ ದೊರೆಯದವರಿಗೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಇನ್ನೊಂದು ತಾಣ. 2007ರಲ್ಲಿ ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾದ ಈ ಗ್ರಾಮದಲ್ಲಿ ಬಣ್ಣದ ಕೊಕ್ಕರೆ ಮತ್ತು ಹೆಜ್ಜಾರ್ಲೆಗಳು ಮನೆಗಳ ಪಕ್ಕದ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಅಲ್ಲಿ ಹಿತ್ತಿಲನ್ನು ಪ್ರವೇಶಿಸುವ ಮುನ್ನ ಮನೆಯವರ ಒಪ್ಪಿಗೆ ಪಡೆಯತಕ್ಕದ್ದು. ಗೂಡಿನಿಂದ ಬಿದ್ದ ಮರಿ ಕಂಡಲ್ಲಿ ಅದನ್ನು ಕೈಗೆತ್ತಿಕೊಂಡು ಚಿತ್ರ ತೆಗೆಸಿಕೊಳ್ಳದೆ, ಗ್ರಾಮಸ್ಥರಿಗೆ ಅಥವಾ ಅರಣ್ಯ ಸಿಬ್ಬಂದಿಗೆ ಕೂಡಲೇ ತಿಳಿಸುವುದು.